ಮಾನವನ ಉಗಮ ಮತ್ತು ವಿಕಾಸದ ಅಧ್ಯಯನ: ಸಂಶೋಧನಾ ವಿಭಾಗಗಳ ಪರಿಚಯ ಹಾಗೂ ಧಾರವಾಡ ಜಿಲ್ಲೆಯ ಗ್ರಾಮೀಣ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ನವಲಗುಂದ, ಕುಂದಗೋಳ, ಕಲಘಟಗಿ ಹಾಗೂ ಅಣ್ಣಿಗೇರಿ ತಾಲೂಕುಗಳಲ್ಲಿ ಕೃಷಿಹೊಂಡ ತೋಡುವಾಗ, ಕೆರೆಯ ಹೂಳು ಎತ್ತುವಾಗ, ಮನೆಯ ಬುನಾದಿ ಅಗೆಯುವಾಗ ಅಥವಾ ಹಾಳೂರಿನ ದಿಬ್ಬದಿಂದ ಮಣ್ಣು ತೆಗೆಯುವಾಗ ಹಳೆಯ ಮೂಳೆ, ಮಡಕೆಯ ಚೂರು ಮತ್ತು ವಿಚಿತ್ರ ಆಕಾರದ ಕಲ್ಲುಗಳು ದೊರೆಯುವ ಸಂಭವವಿರುತ್ತದೆ. ಇಂತಹ ವಸ್ತು ದೊರೆತಾಗ ಅದು ಎಷ್ಟು ಹಳೆಯದು, ಯಾರದ್ದು, ಯಾರಿಗೆ ತಿಳಿಸಬೇಕು, ತಿಳಿಸಿದರೆ ಜಮೀನಿನ ಗತಿಯೇನು ಎಂಬ ಪ್ರಶ್ನೆಗಳು ನಾಗರಿಕರಲ್ಲಿ ಮೂಡುವುದು ಸಹಜ.

ಈ ಪ್ರಶ್ನೆಗಳಿಗೆ ಉತ್ತರಿಸುವ ಶಾಸ್ತ್ರ ಒಂದಲ್ಲ. ಮಾನವನ ಉಗಮ ಮತ್ತು ವಿಕಾಸದ ಅಧ್ಯಯನವು ಹಲವು ಸಂಶೋಧನಾ ವಿಭಾಗಗಳಾಗಿ ಹಂಚಿಕೊಂಡಿದ್ದು, ಒಂದೇ ಹಿಡಿ ಮಣ್ಣಿಗೆ ಪ್ರತಿಯೊಂದು ವಿಭಾಗವೂ ಬೇರೆ ಬೇರೆ ಪ್ರಶ್ನೆಯನ್ನು ಕೇಳುತ್ತದೆ. ಇವೆಲ್ಲವೂ ಅವಲಂಬಿಸಿರುವ ಸಂಗತಿ ಮಾತ್ರ ಒಂದೇ. ವಸ್ತುವು ನೆಲದಲ್ಲಿ ಯಾವ ಜಾಗದಲ್ಲಿ, ಯಾವ ಆಳದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದೇ ಆ ಸಂಗತಿ. ಅದನ್ನು ಮೊದಲು ಕಾಣುವವರು ವಿಜ್ಞಾನಿಗಳಲ್ಲ; ಸಲಿಕೆ ಅಥವಾ ಜೆಸಿಬಿ ಹಿಡಿದ ನಾಗರಿಕರು. ಆದುದರಿಂದ ಈ ವಿಭಾಗಗಳ ಪರಿಚಯ ಮತ್ತು ನಾಗರಿಕರು ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

2. ಕಾಲದ ಅಳತೆ ಮತ್ತು ಜಿಲ್ಲೆಯ ನೆಲ

‘ಧಾರವಾಡ ಶಿಲೆಗಳು’ ಎಂದು ಭೂವಿಜ್ಞಾನದಲ್ಲಿ ಜಗತ್ಪ್ರಸಿದ್ಧವಾಗಿರುವ ಶಿಲಾಸಮೂಹಕ್ಕೆ ಆ ಹೆಸರನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ನೀಡಿದರು. ಈ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಮಾನವ ವಂಶವು ಚಿಂಪಾಂಜಿಯ ವಂಶದಿಂದ ಬೇರೆಯಾದದ್ದು ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ. ಇಂದಿನ ಮಾನವ ಪ್ರಭೇದದ ಅತ್ಯಂತ ಹಳೆಯ ಅವಶೇಷಗಳೆಂದು ಬಹುಪಾಲು ವಿಜ್ಞಾನಿಗಳು ಪರಿಗಣಿಸುವ ಮೊರಾಕ್ಕೋ ದೇಶದ ಜೆಬೆಲ್ ಇರ್ಹೂದ್ ಮೂಳೆಗಳ ವಯಸ್ಸು ಸುಮಾರು 3 ಲಕ್ಷ ವರ್ಷ. ಆದಕಾರಣ ಜಿಲ್ಲೆಯ ಗಟ್ಟಿ ಬಂಡೆಯೊಳಗೆ ಮಾನವನ ಅವಶೇಷ ದೊರೆಯಲಾರದು. ಅದು ದೊರೆಯಬಹುದಾದದ್ದು ಬಂಡೆಯ ಮೇಲೆ ಹರಡಿರುವ ಹಳ್ಳದ ಗರಸಿನಲ್ಲಿ, ಮೆಕ್ಕಲುಮಣ್ಣಿನಲ್ಲಿ ಮತ್ತು ಜನವಸತಿಯ ದಿಬ್ಬಗಳಲ್ಲಿ.

ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳ ಭಾಗದ ಎರೆಭೂಮಿಗೆ ಒಂದು ವಿಶೇಷ ಗುಣವಿದೆ. ಮಳೆಗಾಲದಲ್ಲಿ ಎರೆಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಮೇಲಿನ ವಸ್ತು ಬಿರುಕಿನ ಮೂಲಕ ಆಳಕ್ಕೆ ಇಳಿಯಬಹುದು. ಆಳದ ಕಲ್ಲು ಮೇಲಕ್ಕೂ ಬರಬಹುದು. ಆದ್ದರಿಂದ ಎರೆಹೊಲದಲ್ಲಿ ಆಳದಲ್ಲಿ ದೊರೆತದ್ದೆಲ್ಲವೂ ಹಳೆಯದೆಂದು ತಿಳಿಯುವುದು ಸರಿಯಲ್ಲ. ಮಣ್ಣಿನ ಪದರವನ್ನು ಪರಿಣತರು ಸ್ಥಳದಲ್ಲಿಯೇ ಪರಿಶೀಲಿಸಬೇಕಾಗುತ್ತದೆ. ಅಂತೆಯೇ ನೆಲದೊಳಗಿನ ಗುಂಡಿಗಳೆಲ್ಲ ಸಮಾಧಿಗಳಲ್ಲ. ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವುಗಳೂ ಹಾಗೆಯೇ ಕಾಣಬಹುದು.

3. ಸಂಶೋಧನಾ ವಿಭಾಗಗಳು

3.1 ಪ್ರಾಚೀನ ಮಾನವಶಾಸ್ತ್ರ

ಮಾನವನ ಪೂರ್ವಜರ ಪಳೆಯುಳಿಕೆಗಳನ್ನು ಅಧ್ಯಯನ ಮಾಡುವ ವಿಭಾಗವಿದು. ಹಲ್ಲು, ದವಡೆ, ತಲೆಬುರುಡೆ ಮತ್ತು ಕಾಲಿನ ಮೂಳೆಗಳ ಆಕಾರದಿಂದ ಆ ಜೀವಿ ಹೇಗೆ ನಡೆಯುತ್ತಿತ್ತು, ಏನನ್ನು ತಿನ್ನುತ್ತಿತ್ತು, ಅದರ ಮಿದುಳು ಎಷ್ಟು ದೊಡ್ಡದಿತ್ತು ಎಂಬುದನ್ನು ನಿರ್ಧರಿಸಲಾಗುತ್ತದೆ. 1974ರಲ್ಲಿ ಇಥಿಯೋಪಿಯಾದಲ್ಲಿ ದೊರೆತ ‘ಲೂಸಿ’ ಎಂಬ ಅಸ್ಥಿಪಂಜರವು, ಮಿದುಳು ದೊಡ್ಡದಾಗುವುದಕ್ಕೆ ಬಹಳ ಮೊದಲೇ ಪೂರ್ವಜರು ಎರಡು ಕಾಲುಗಳ ಮೇಲೆ ನಡೆಯುತ್ತಿದ್ದರೆಂಬುದನ್ನು ದೃಢಪಡಿಸಿತು.

ಭಾರತದಲ್ಲಿ ಇಂತಹ ಪಳೆಯುಳಿಕೆಗಳು ಅತಿ ವಿರಳ. 1982ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶದ ನರ್ಮದಾ ತೀರದ ಹಥನೋರಾ ಎಂಬಲ್ಲಿ ಭೂವಿಜ್ಞಾನಿ ಅರುಣ್ ಸೊನಾಕಿಯಾ ಅವರಿಗೆ ದೊರೆತ ತಲೆಬುರುಡೆಯ ಭಾಗವೇ ಇವುಗಳಲ್ಲಿ ಪ್ರಮುಖವಾದುದು. ಕರ್ನಾಟಕದಲ್ಲಿ ಅತಿ ಪ್ರಾಚೀನ ಮಾನವನ ಇರವನ್ನು ತಿಳಿಸುವುದು ಮುಖ್ಯವಾಗಿ ಕಲ್ಲಿನ ಆಯುಧಗಳು.

3.2 ಪ್ರಾಗಿತಿಹಾಸ ಪುರಾತತ್ತ್ವ

ಬರವಣಿಗೆ ಇಲ್ಲದ ಕಾಲದ ಮಾನವನ ಬದುಕನ್ನು ಅವನು ತಯಾರಿಸಿದ ವಸ್ತುಗಳಿಂದ ಅರಿಯುವ ವಿಭಾಗವಿದು. ಮೇಲೆ ಹೇಳಿದ ಬ್ರೂಸ್ ಫೂಟ್ ಅವರೇ 1863ರ ಮೇ ತಿಂಗಳಿನಲ್ಲಿ ಮದ್ರಾಸಿನ ಸಮೀಪದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿ ಭಾರತದ ಪ್ರಾಗಿತಿಹಾಸ ಸಂಶೋಧನೆಗೆ ನಾಂದಿ ಹಾಡಿದರು. ಆಗ ದಕ್ಷಿಣ ಮರಾಠಾ ಸೀಮೆ ಎನಿಸಿದ್ದ ಈ ಪ್ರದೇಶದ ಭೂರಚನೆಯ ಕುರಿತ ಅವರ ಗ್ರಂಥ 1876ರಲ್ಲಿ ಪ್ರಕಟವಾಯಿತು.

ಬೆಣ್ಣೆಹಳ್ಳದ ನೀರು ಸೇರುವ ಮಲಪ್ರಭಾ ನದಿಯ ಕಣಿವೆಯನ್ನು ಆರ್.ವಿ. ಜೋಶಿ ಅವರು ವ್ಯವಸ್ಥಿತವಾಗಿ ಪರಿಶೀಲಿಸಿದರು. ಅವರ ಅಧ್ಯಯನ ಗ್ರಂಥವು 1955ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಮತ್ತು ಕರ್ನಾಟಕ ವಿಶ್ವವಿದ್ಯಾಲಯದ ವತಿಯಿಂದ ಪ್ರಕಟವಾಯಿತು. ಬಾದಾಮಿ ತಾಲೂಕಿನ ಖ್ಯಾಡದಂತಹ ನೆಲೆಗಳ ಕೈಕೊಡಲಿಗಳು ಈ ಕಣಿವೆಯಲ್ಲಿ ಹಳೆ ಶಿಲಾಯುಗದ ಮಾನವ ವಾಸಿಸಿದ್ದನೆಂಬುದನ್ನು ತೋರಿಸುತ್ತವೆ. ಯಾದಗಿರಿ ಜಿಲ್ಲೆಯ ಈಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನದಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳಿಂದ ಆಯುಧ ತಯಾರಿಸುತ್ತಿದ್ದ ಕಾರ್ಯಸ್ಥಳವೇ ಬೆಳಕಿಗೆ ಬಂದಿತು. ಕಲ್ಲಿನ ಚಕ್ಕೆಗಳು ಬಿದ್ದ ಜಾಗದಲ್ಲಿಯೇ ಉಳಿದಿದ್ದುದರಿಂದ, ಕುಶಲಕರ್ಮಿ ಎಲ್ಲಿ ಕುಳಿತು ಯಾವ ಕ್ರಮದಲ್ಲಿ ಕಲ್ಲನ್ನು ಒಡೆದನೆಂಬುದನ್ನು ಅರಿಯಲು ಸಾಧ್ಯವಾಯಿತು. ಆ ಚಕ್ಕೆಗಳನ್ನು ಆಯ್ದು ಒಂದು ಚೀಲಕ್ಕೆ ತುಂಬಿದ್ದರೆ ಅವು ಕೇವಲ ಕಲ್ಲುಗಳಾಗಿ ಉಳಿಯುತ್ತಿದ್ದವು.

3.3 ಕಾಲಮಾಪನ ಮತ್ತು ಭೂಪುರಾತತ್ತ್ವ

ಅವಶೇಷದ ವಯಸ್ಸನ್ನು ನಿರ್ಧರಿಸುವ ವಿಧಾನಗಳು ಹಲವು. ಪ್ರತಿಯೊಂದಕ್ಕೂ ಮಿತಿಯಿದೆ.

ಅ) ಇಂಗಾಲ-14 ವಿಧಾನ: ಮೂಳೆ, ಇದ್ದಿಲು, ಕಾಳು ಮುಂತಾದ ಜೈವಿಕ ವಸ್ತುಗಳಿಗೆ ಅನ್ವಯಿಸುತ್ತದೆ. ಜೀವಿ ಸತ್ತ ನಂತರ ಅದರಲ್ಲಿನ ಇಂಗಾಲ-14 ಪ್ರತಿ 5,730 ವರ್ಷಗಳಿಗೊಮ್ಮೆ ಅರ್ಧದಷ್ಟು ಕಡಿಮೆಯಾಗುತ್ತದೆ. ಸುಮಾರು 50,000 ವರ್ಷಗಳಿಗಿಂತ ಹಳೆಯ ವಸ್ತುಗಳಿಗೆ ಈ ವಿಧಾನ ಉಪಯೋಗವಾಗುವುದಿಲ್ಲ.

ಆ) ಬೆಳಕಿನ ವಿಧಾನ: ಮರಳಿನ ಕಣಗಳು ಕೊನೆಯದಾಗಿ ಯಾವಾಗ ಸೂರ್ಯನ ಬೆಳಕು ಕಂಡವೆಂಬುದನ್ನು ಇದು ಅಳೆಯುತ್ತದೆ. ಮಾದರಿಯನ್ನು ಬೆಳಕು ತಾಗದಂತೆ ತೆಗೆಯಬೇಕಾಗುತ್ತದೆ. ಕೆದಕಿ ಬಿಸಿಲಿಗೆ ಹರಡಿದ ಮಣ್ಣು ಈ ಪರೀಕ್ಷೆಗೆ ನಿರುಪಯುಕ್ತ.

ಇ) ಹಲ್ಲಿನ ಎನಾಮೆಲ್ ವಿಧಾನ: ಹಲ್ಲಿನ ಮೇಲ್ಪದರದಲ್ಲಿ ಶೇಖರವಾದ ವಿಕಿರಣದ ಪರಿಣಾಮವನ್ನು ಅಳೆಯಲಾಗುತ್ತದೆ. ಈಸಾಂಪುರದ ಪ್ರಾಣಿಯ ಹಲ್ಲುಗಳನ್ನು ಈ ವಿಧಾನದಿಂದ ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷಗಳ ಅಂದಾಜು ದೊರೆಯಿತು.

ಈ) ಜ್ವಾಲಾಮುಖಿಯ ಬೂದಿ: ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾ ದ್ವೀಪದ ಟೋಬಾ ಜ್ವಾಲಾಮುಖಿ ಸಿಡಿದು ಅದರ ಬೂದಿ ಭಾರತದ ಮೇಲೂ ಬಿದ್ದಿತು. ಆಂಧ್ರಪ್ರದೇಶದ ಜ್ವಾಲಾಪುರಂನಲ್ಲಿ ಈ ಬೂದಿಪದರದ ಕೆಳಗೂ ಮೇಲೂ ಕಲ್ಲಿನ ಆಯುಧಗಳು ದೊರೆತಿವೆ. ಮೈಕೆಲ್ ಪೆಟ್ರಾಗ್ಲಿಯಾ, ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು 2007ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದಾಗ, ಆ ಮಹಾಸ್ಫೋಟದ ನಂತರವೂ ಇಲ್ಲಿ ಜನ ಉಳಿದರೇ ಎಂಬ ಚರ್ಚೆಗೆ ಹೊಸ ಆಧಾರ ದೊರೆಯಿತು.

3.4 ಪ್ರಾಣಿ ಮತ್ತು ಸಸ್ಯ ಅವಶೇಷಗಳ ಅಧ್ಯಯನ

ಬೇಟೆಯಿಂದ ಬೇಸಾಯಕ್ಕೆ ಮಾನವ ಹೇಗೆ ಬಂದನೆಂಬುದು ವಿಕಾಸದ ಕಥೆಯ ಈಚಿನ ಅಧ್ಯಾಯ. ತುಂಗಭದ್ರಾ ದಂಡೆಯ ಹಳ್ಳೂರು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿಯೇ ಇದ್ದು, ಈಗ ಹಾವೇರಿ ಜಿಲ್ಲೆಗೆ ಸೇರಿದೆ. ಇಲ್ಲಿ ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ನಡೆಸಿ, ನವಶಿಲಾಯುಗದಿಂದ ಕಬ್ಬಿಣದ ಯುಗದವರೆಗಿನ ವಸತಿಯನ್ನು ಗುರುತಿಸಿದರು. ಅಲ್ಲಿನ ಪ್ರಾಣಿಗಳ ಮೂಳೆಗಳನ್ನು ಪಶುವೈದ್ಯ ಕೆ.ಆರ್. ಆಲೂರ ಅವರು ಪರಿಶೀಲಿಸಿ, ಅವುಗಳಲ್ಲಿ ಕುದುರೆಯ ಮೂಳೆಗಳಿವೆಯೆಂದು ಗುರುತಿಸಿದ್ದು ವಿದ್ವಾಂಸರಲ್ಲಿ ದೀರ್ಘ ಚರ್ಚೆಗೆ ಕಾರಣವಾಯಿತು. ಎತ್ತು, ಕುರಿಗಳ ಮೂಳೆಯನ್ನು ಬಲ್ಲ ಪಶುವೈದ್ಯರ ಜ್ಞಾನವೂ ಪ್ರಾಚೀನ ಇತಿಹಾಸಕ್ಕೆ ಆಧಾರವಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಸಸ್ಯ ಅವಶೇಷಗಳ ಅಧ್ಯಯನದಲ್ಲಿ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬರುವ ಸುಟ್ಟ ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ಹಳ್ಳೂರು ಹಾಗೂ ಬಳ್ಳಾರಿಯ ಸಂಗನಕಲ್ಲು ಮುಂತಾದ ನೆಲೆಗಳ ಮಾದರಿಗಳನ್ನು ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತಿತರರು ಪರಿಶೀಲಿಸಿ, ದಕ್ಷಿಣ ಭಾರತದ ಮೊದಲ ರೈತರು ಹೆಸರು, ಹುರುಳಿ, ಕೊರಲೆಯಂತಹ ಸ್ಥಳೀಯ ಬೆಳೆಗಳನ್ನು ನೆಚ್ಚಿದ್ದರೆಂದು ತೋರಿಸಿದ್ದಾರೆ. ಜಿಲ್ಲೆಯ ಎರೆಹೊಲಗಳಲ್ಲಿ ಮುಂಗಾರಿಗೆ ಇಂದಿಗೂ ಬಿತ್ತುವ ಹೆಸರು, ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಸೀಮೆಯ ಬೇಸಾಯಗಾರರು ಬೆಳೆಯುತ್ತಿದ್ದ ಕಾಳೇ ಆಗಿದೆ.

3.5 ಅಸ್ಥಿಗಳ ಅಧ್ಯಯನ ಮತ್ತು ಆಹಾರದ ಗುರುತು

ದೈಹಿಕ ಮಾನವಶಾಸ್ತ್ರಜ್ಞರು ಮೂಳೆಗಳಿಂದ ವ್ಯಕ್ತಿಯ ಲಿಂಗ, ಅಂದಾಜು ವಯಸ್ಸು, ಎತ್ತರ, ರೋಗ ಮತ್ತು ಗಾಯಗಳನ್ನು ಗುರುತಿಸುತ್ತಾರೆ. ಲಿಂಗವನ್ನು ನಿರ್ಧರಿಸಲು ಸೊಂಟದ ಮೂಳೆ ಅತ್ಯಂತ ವಿಶ್ವಾಸಾರ್ಹ. ತಲೆಬುರುಡೆ ಮಾತ್ರ ಇದ್ದರೆ ನಿಖರತೆ ಕಡಿಮೆಯಾಗುತ್ತದೆ. ಮೂಳೆ ಹಸಿಯಾಗಿದ್ದಾಗ ಆದ ಗಾಯವನ್ನೂ, ಒಣಗಿದ ಮೇಲೆ ಸಲಿಕೆ ತಾಗಿ ಆದ ಒಡಕನ್ನೂ ಅಂಚಿನ ಬಣ್ಣ ಮತ್ತು ಆಕಾರದಿಂದ ಬೇರ್ಪಡಿಸಲಾಗುತ್ತದೆ.

ಮೂಳೆಯೊಳಗಿನ ಇಂಗಾಲದ ಸಮಸ್ಥಾನಿಗಳ ಪ್ರಮಾಣವು ಊಟದ ಗುರುತನ್ನು ಉಳಿಸಿಕೊಳ್ಳುತ್ತದೆ. ಜೋಳ, ಸಜ್ಜೆ, ರಾಗಿ, ನವಣೆಗಳು ಒಂದು ಬಗೆಯ ಸಸ್ಯಗಳಾದರೆ, ಭತ್ತ ಮತ್ತು ಗೋದಿ ಇನ್ನೊಂದು ಬಗೆಯವು. ನವಲಗುಂದದ ಕಡೆ ಜೋಳದ ರೊಟ್ಟಿ ಉಂಡು ಬೆಳೆದವರ ಮೂಳೆಗೂ, ಭತ್ತ ಬೆಳೆಯುವ ಕಲಘಟಗಿಯ ಕಡೆ ಅನ್ನ ಉಂಡು ಬೆಳೆದವರ ಮೂಳೆಗೂ ಈ ಪ್ರಮಾಣದಲ್ಲಿ ವ್ಯತ್ಯಾಸ ಇರಬಲ್ಲದು.

3.6 ಆಣ್ವಿಕ ಮಾನವಶಾಸ್ತ್ರ

ಡಿಎನ್‌ಎ ಮೂಲಕ ಜನಸಮುದಾಯಗಳ ಬಾಂಧವ್ಯ ಮತ್ತು ವಲಸೆಯನ್ನು ಅರಿಯುವ ವಿಭಾಗವಿದು. 2010ರಲ್ಲಿ ನಿಯಾಂಡರ್ತಲ್ ಮಾನವನ ಜೀನೋಮಿನ ಕರಡು ಪ್ರಕಟವಾಗಿ, ಆಫ್ರಿಕಾದ ಹೊರಗಿನ ಇಂದಿನ ಜನರಲ್ಲಿ ಆ ಪ್ರಭೇದದ ಅಲ್ಪ ಅಂಶವಿದೆಯೆಂದು ತಿಳಿದುಬಂದಿತು. ಈ ಕ್ಷೇತ್ರದ ಸಾಧನೆಗಾಗಿ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಭಾರತದಲ್ಲಿ ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರವು ಈ ಕ್ಷೇತ್ರದಲ್ಲಿ ಹೆಸರುವಾಸಿಯಾಗಿದೆ. ಬಿಸಿ ಹವಾಮಾನದಲ್ಲಿ ಮೂಳೆಯ ಡಿಎನ್‌ಎ ಬೇಗನೆ ನಶಿಸುತ್ತದೆ. ಬರಿಗೈಯಿಂದ ಮುಟ್ಟಿದ ಮೂಳೆಗೆ ಮುಟ್ಟಿದವರ ಡಿಎನ್‌ಎ ಅಂಟಿಕೊಂಡು ಪರೀಕ್ಷೆ ಇನ್ನಷ್ಟು ಕಠಿಣವಾಗುತ್ತದೆ.

3.7 ವಾನರಗಳ ಅಧ್ಯಯನ

ಮಾನವನು ಇಂದಿನ ಮಂಗನಿಂದ ಹುಟ್ಟಿದನೆಂಬುದು ತಪ್ಪು ತಿಳಿವಳಿಕೆ. ಇಬ್ಬರಿಗೂ ಸಮಾನ ಪೂರ್ವಜರಿದ್ದು, ಭಾರತದ ಕೋತಿಗಳ ವಂಶ ಮತ್ತು ಮಾನವ ವಂಶ ಬೇರೆಯಾಗಿ ಎರಡೂವರೆ ಕೋಟಿ ವರ್ಷಗಳಿಗೂ ಮಿಗಿಲಾಗಿದೆ. ಸಾಮಾಜಿಕ ವರ್ತನೆಯ ಮೂಲವನ್ನು ಅರಿಯಲು ಅವುಗಳ ಗುಂಪುಗಳನ್ನು ಅಧ್ಯಯನ ಮಾಡಲಾಗುತ್ತದೆ.

ಈ ವಿಭಾಗದಲ್ಲಿ ಧಾರವಾಡದ ಹೆಸರು ವಿಶ್ವದ ಪಠ್ಯಪುಸ್ತಕಗಳಲ್ಲಿ ದಾಖಲಾಗಿದೆ. ಜಪಾನಿನ ಯುಕಿಮಾರು ಸುಗಿಯಾಮಾ ಅವರು 1961ರಿಂದ 1963ರ ಅವಧಿಯಲ್ಲಿ ಧಾರವಾಡದ ಸಮೀಪದ ಕಾಡಿನಲ್ಲಿ, ಮುಸಿಯ ಎಂದು ಕರೆಯುವ ಹನುಮಾನ್ ಲಂಗೂರ್‌ಗಳ ಗುಂಪುಗಳನ್ನು ಅಧ್ಯಯನ ಮಾಡಿದರು. ಹೊರಗಿನ ಗಂಡು ಮುಸಿಯಗಳು ಗುಂಪಿನ ಮುಖ್ಯ ಗಂಡನ್ನು ಓಡಿಸಿ, ಅವುಗಳಲ್ಲಿ ಒಂದು ಗುಂಪಿನ ಒಡೆತನ ಪಡೆದ ನಂತರ ಅಲ್ಲಿನ ಎಳೆಯ ಮರಿಗಳು ಕೊಲ್ಲಲ್ಪಟ್ಟುದನ್ನು ಅವರು ವರದಿ ಮಾಡಿದರು. ಇದು ವಿಕೃತಿಯೇ, ಜನದಟ್ಟಣೆಯಂತಹ ಒತ್ತಡದ ಫಲವೇ, ಅಥವಾ ತನ್ನದೇ ಸಂತತಿಯನ್ನು ಬೇಗ ಪಡೆಯುವ ವಿಕಾಸಾತ್ಮಕ ತಂತ್ರವೇ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಅಮೆರಿಕದ ಸಾರಾ ಹರ್ಡಿ ಅವರು ರಾಜಸ್ಥಾನದ ಅಬು ಪರ್ವತದಲ್ಲಿ ನಡೆಸಿದ ಅಧ್ಯಯನದ ಮೂಲಕ 1970ರ ದಶಕದಲ್ಲಿ ಕೊನೆಯ ವಿವರಣೆಯನ್ನು ಪ್ರತಿಪಾದಿಸಿದರು.

4. ಅಣ್ಣಿಗೇರಿಯ ನಿದರ್ಶನ

ಮೇಲಿನ ವಿಭಾಗಗಳು ಒಂದೇ ಸ್ಥಳದಲ್ಲಿ ಹೇಗೆ ಅಗತ್ಯವಾಗುತ್ತವೆ ಎಂಬುದನ್ನು ಅಣ್ಣಿಗೇರಿಯ ಘಟನೆ ತೋರಿಸುತ್ತದೆ. ಆಗ ನವಲಗುಂದ ತಾಲೂಕಿಗೆ ಸೇರಿದ್ದ, ಈಗ ಸ್ವತಃ ತಾಲೂಕು ಕೇಂದ್ರವಾಗಿರುವ ಅಣ್ಣಿಗೇರಿಯಲ್ಲಿ 2010ರಲ್ಲಿ ಕಾಮಗಾರಿಗಾಗಿ ನೆಲ ಅಗೆಯುವಾಗ ನೂರಾರು ಮಾನವ ತಲೆಬುರುಡೆಗಳು ಕಂಡುಬಂದವು. ಅವು ಮಾನವ ವಿಕಾಸದ ಪ್ರಾಚೀನ ಘಟ್ಟದವಲ್ಲ; ಇಂದಿನ ಮಾನವರದ್ದೇ. ಆದರೂ ಅವುಗಳನ್ನು ಓದುವ ವಿಧಾನಗಳು ಇವೇ ಆಗಿವೆ.

ಯುದ್ಧದಲ್ಲಿ ಮಡಿದವರೆಂದೂ ಬರಗಾಲದಲ್ಲಿ ಸತ್ತವರೆಂದೂ ಆಗ ಹಲವು ಊಹೆಗಳು ಹುಟ್ಟಿದವು. ಡೋಗಿ ಬರವೆಂದು ಜನರ ನೆನಪಿನಲ್ಲಿ ಉಳಿದಿರುವ 1791-92ರ ಮಹಾಕ್ಷಾಮದಲ್ಲಿ ಶವಸಂಸ್ಕಾರಕ್ಕೂ ಜನರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂಬ ಕಥನವಿರುವುದರಿಂದ, ಅದರೊಂದಿಗೆ ಇವನ್ನು ಹೊಂದಿಸುವುದು ಸಹಜವಾಗಿತ್ತು. ಆದರೆ ಇಂಗಾಲ-14 ಪರೀಕ್ಷೆಯು ಅವು ಸುಮಾರು ಆರು ಶತಮಾನಗಳಷ್ಟು ಹಳೆಯವೆಂದು ತಿಳಿಸಿತು. ಒಂದೇ ಪರೀಕ್ಷೆಯಿಂದ 18ನೆಯ ಶತಮಾನದ ಬರಗಾಲದ ಊಹೆ ಬಿದ್ದುಹೋಯಿತು.

ಕಾಲಮಾಪನ ಹೇಳುವುದು ‘ಯಾವಾಗ’ ಎಂಬುದನ್ನು ಮಾತ್ರ. ‘ಯಾರು’ ಎಂಬುದಕ್ಕೆ ಡಿಎನ್‌ಎ ಮತ್ತು ಅಸ್ಥಿಗಳ ಅಧ್ಯಯನ, ‘ಹೇಗೆ ಸತ್ತರು’ ಎಂಬುದಕ್ಕೆ ಗಾಯಗಳ ಪರಿಶೀಲನೆ, ‘ಏಕೆ ಇಲ್ಲಿ’ ಎಂಬುದಕ್ಕೆ ಮಣ್ಣಿನ ಪದರ ಹಾಗೂ ಬುರುಡೆಗಳು ಇದ್ದ ಕ್ರಮ ಬೇಕಾಗುತ್ತವೆ. ಮೊದಲ ಮೂರನ್ನು ಪ್ರಯೋಗಾಲಯದಲ್ಲಿ ಹತ್ತು ವರ್ಷಗಳ ನಂತರವೂ ಮಾಡಬಹುದು. ನಾಲ್ಕನೆಯದು ನೆಲ ಕದಡಿದ ದಿನವೇ ಮುಗಿದುಹೋಗುತ್ತದೆ.

5. ಅವಶೇಷಗಳು ದೊರೆತಾಗ ನಾಗರಿಕರು ಅನುಸರಿಸಬೇಕಾದ ಕ್ರಮ

1) ಅಗೆಯುವ ಕೆಲಸವನ್ನು ಆ ಜಾಗದಲ್ಲಿ ಕೂಡಲೇ ನಿಲ್ಲಿಸುವುದು. ವಸ್ತುವನ್ನು ಎತ್ತುವುದು, ತೊಳೆಯುವುದು, ಅರಿಷಿಣ-ಕುಂಕುಮ ಹಚ್ಚುವುದು ಅಥವಾ ಹಂಚಿಕೊಳ್ಳುವುದು ಕೂಡದು.

2) ಮನುಷ್ಯರ ಮೂಳೆಯೆಂಬ ಸಂಶಯವಿದ್ದಲ್ಲಿ ಮೊದಲು ಹತ್ತಿರದ ಪೊಲೀಸ್ ಠಾಣೆಗೆ ಅಥವಾ 112 ಸಂಖ್ಯೆಗೆ ತಿಳಿಸುವುದು. ಮೂಳೆ ಹಳೆಯದೋ ಇತ್ತೀಚಿನದೋ ಎಂಬುದನ್ನು ನೋಟದಿಂದ ನಿರ್ಧರಿಸಲಾಗದು.

3) ಗ್ರಾಮ ಆಡಳಿತಾಧಿಕಾರಿ ಅಥವಾ ಗ್ರಾಮ ಪಂಚಾಯಿತಿಯ ಮೂಲಕ ತಹಶೀಲ್ದಾರರ ಕಛೇರಿಗೆ ಲಿಖಿತ ಮಾಹಿತಿ ನೀಡುವುದು. ಅರ್ಜಿಯಲ್ಲಿ ಗ್ರಾಮ, ಸರ್ವೆ ನಂಬರು, ದೊರೆತ ದಿನಾಂಕ, ಅಂದಾಜು ಆಳ ಮತ್ತು ಅಗೆದ ಕಾರಣವನ್ನು ನಮೂದಿಸಿ, ಸ್ವೀಕೃತಿ ಪಡೆಯುವುದು.

4) ವಸ್ತುವಿನ ಪಕ್ಕದಲ್ಲಿ ಅಳತೆಪಟ್ಟಿ ಅಥವಾ ಒಂದು ಪೆನ್ನು ಇಟ್ಟು, ಹತ್ತಿರದಿಂದ ಒಂದು ಹಾಗೂ ಸುತ್ತಲಿನ ಗುರುತುಗಳು ಕಾಣುವಂತೆ ದೂರದಿಂದ ಒಂದು ಛಾಯಾಚಿತ್ರ ತೆಗೆಯುವುದು.

5) ಮಳೆಯ ಸಂಭವವಿದ್ದಲ್ಲಿ ತಾಡಪತ್ರಿಯಿಂದ ಮುಚ್ಚುವುದು. ಈಗಾಗಲೇ ಹೊರಬಂದ ವಸ್ತುಗಳನ್ನು ಅದೇ ಸ್ಥಳದಲ್ಲಿ ನೆರಳಿನಲ್ಲಿ ಇರಿಸುವುದು.

ನೆಲದಲ್ಲಿ ದೊರೆತ ನಾಣ್ಯ, ಆಭರಣ ಮುಂತಾದ ಬೆಲೆಬಾಳುವ ವಸ್ತುಗಳಿಗೆ ನಿಧಿನಿಕ್ಷೇಪ ಕುರಿತ ಕಾಯಿದೆ ಅನ್ವಯಿಸುತ್ತದೆ; ಅವುಗಳನ್ನು ಮುಚ್ಚಿಡುವುದು ಅಪರಾಧ. ನೂರು ವರ್ಷಕ್ಕೂ ಹಳೆಯದಾದ ಶಿಲ್ಪ, ನಾಣ್ಯ ಮುಂತಾದ ಪ್ರಾಚೀನ ವಸ್ತುಗಳ ಮಾರಾಟವನ್ನು 1972ರ ಕೇಂದ್ರ ಕಾಯಿದೆ ನಿಯಂತ್ರಿಸುತ್ತದೆ.

6. ಜಮೀನಿನ ಕುರಿತು

ಮಾಹಿತಿ ನೀಡಿದರೆ ಜಮೀನು ಕೈತಪ್ಪುತ್ತದೆಂಬ ಭಯದಿಂದ ಕೆಲವರು ಅವಶೇಷಗಳನ್ನು ಮತ್ತೆ ಮುಚ್ಚುವುದುಂಟು. ಅವಶೇಷ ದೊರೆತ ಮಾತ್ರಕ್ಕೆ ಜಮೀನಿನ ಒಡೆತನ ಬದಲಾಗುವುದಿಲ್ಲ. ಸ್ಥಳವೊಂದನ್ನು ರಾಷ್ಟ್ರೀಯ ಮಹತ್ವದ ನೆಲೆಯೆಂದು ಘೋಷಿಸಬೇಕಾದಲ್ಲಿ, 1958ರ ಕೇಂದ್ರ ಕಾಯಿದೆಯ ಪ್ರಕಾರ ಎರಡು ತಿಂಗಳ ಮುನ್ಸೂಚನೆಯ ಅಧಿಸೂಚನೆ ಹೊರಡಿಸಬೇಕು. ಆ ಅವಧಿಯಲ್ಲಿ ಆಸಕ್ತರು ಲಿಖಿತ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಬಹುಪಾಲು ಬಿಡಿ ಅವಶೇಷಗಳ ವಿಷಯದಲ್ಲಿ ಸ್ಥಳ ಪರಿಶೀಲನೆ ಮತ್ತು ದಾಖಲಾತಿಯೇ ಮುಖ್ಯ ಕಾರ್ಯವಾಗಿರುತ್ತದೆ.

7. ವಿದ್ಯಾರ್ಥಿಗಳ ಗಮನಕ್ಕೆ

ಈ ಕ್ಷೇತ್ರವನ್ನು ಪ್ರವೇಶಿಸಲು ಒಂದೇ ದಾರಿ ಇರುವುದಿಲ್ಲ. ಜೀವವಿಜ್ಞಾನ, ಭೂವಿಜ್ಞಾನ, ರಸಾಯನವಿಜ್ಞಾನ, ಇತಿಹಾಸ, ಪಶುವೈದ್ಯಕೀಯ ಮತ್ತು ಕೃಷಿ ವಿಜ್ಞಾನ ಓದಿದವರಿಗೂ ಇಲ್ಲಿ ಕೆಲಸವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಹಾಗೂ ಇತಿಹಾಸ ಮತ್ತು ಪುರಾತತ್ತ್ವದ ಅಧ್ಯಯನ ವಿಭಾಗಗಳಿವೆ. 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯೂ ಇದೇ ವಿಶ್ವವಿದ್ಯಾಲಯದಲ್ಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ವಿಭಾಗವಿದ್ದು, 1945ರಲ್ಲಿ ಆರಂಭವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಮೈಸೂರಿನಲ್ಲಿದೆ. ಪುರಾತತ್ತ್ವದ ಉನ್ನತ ಅಧ್ಯಯನಕ್ಕೆ ಪುಣೆಯ ಡೆಕ್ಕನ್ ಕಾಲೇಜು ಹೆಸರಾಗಿದೆ. ಮಾನವಶಾಸ್ತ್ರ ಮತ್ತು ಪುರಾತತ್ತ್ವ ಎರಡೂ ಯುಜಿಸಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ವಿಷಯಗಳಾಗಿವೆ. ಮಾನವಶಾಸ್ತ್ರವು ಕೇಂದ್ರ ನಾಗರಿಕ ಸೇವಾ ಪರೀಕ್ಷೆಯ ಐಚ್ಛಿಕ ವಿಷಯವೂ ಹೌದು. ಪ್ರವೇಶದ ಅರ್ಹತೆ, ಶುಲ್ಕ ಮತ್ತು ಕೊನೆಯ ದಿನಾಂಕಗಳನ್ನು ಆಯಾ ಸಂಸ್ಥೆಯ ಅಧಿಕೃತ ಪ್ರಕಟಣೆಯಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು.

8. ಮುಕ್ತಾಯ

ಪ್ರಯೋಗಾಲಯಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ. ಇಂದು ಉತ್ತರ ದೊರೆಯದ ಮೂಳೆಯಿಂದ ಇನ್ನಿಪ್ಪತ್ತು ವರ್ಷಗಳಲ್ಲಿ ಉತ್ತರ ದೊರೆಯಬಹುದು. ಆದರೆ ದೊರೆತ ಸ್ಥಳದ ವಿವರವಿಲ್ಲದ ವಸ್ತುವಿಗೆ ಯಾವ ಹೊಸ ಯಂತ್ರವೂ ಆ ವಿವರವನ್ನು ಮರಳಿ ಕೊಡಲಾರದು. ಆದ್ದರಿಂದ ಅವಶೇಷ ದೊರೆತ ಸ್ಥಳವನ್ನು ಕದಡದೆ, ಕೂಡಲೇ ಸಂಬಂಧಪಟ್ಟವರಿಗೆ ಮಾಹಿತಿ ನೀಡಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.